ಸೊಸೆಯ ಗಾಜು, ನನ್ನ ಮಡಿ

ನಾನು ಮುಳಬಾಗಿಲಿನ ಶಾನುಭೋಗರ ಮನೆಯ ಹಿರಿಯಳು. ಇಲ್ಲಿ ಯಾರು ಎಲ್ಲಿಗೆ ಬರಬಹುದು, ಏನನ್ನು ಮುಟ್ಟಬಾರದು ಎಂದು ಹೇಳುವವಳು ನಾನು. ಇವತ್ತು ಬೆಳಿಗ್ಗೆ ನನ್ನನ್ನೇ ಉಗ್ರಾಣದ ಬಾಗಿಲಲ್ಲಿ ತಡೆದಳು ಸ್ನೇಹಿತರೇ, ನನ್ನ ಸೊಸೆ!

ಪಿಎಚ್‌ಡಿ ಮಾಡುತ್ತಿರುವ ವಾಣಿ, ಕಾಲೇಜಿಗೆ ರಜೆಯೆಂದು ಉಗ್ರಾಣದಲ್ಲೇ ಕೆಲಸ ಹೂಡಿದ್ದಾಳೆ. ಬಣ್ಣ ಬೆರೆಸಿದ ದ್ರಾವಣದಲ್ಲಿ ಗಾಜಿನ ಪಟ್ಟಿ ಅದ್ದಿ ಮೆಲ್ಲಗೆ ಎತ್ತುತ್ತಾಳೆ. ಅಂಟಿದ ಪದರ ಜೆಲ್ಲಾಗಿ, ಒಣಗಿ, ತೆಳು ಗಾಜಾಗುತ್ತದೆ. ಬೆಳಕು ಆ ಪದರದೊಳಗೇ ಹರಿಯಬೇಕಂತೆ. ನೂಲಿನ ಒಂದು ಎಳೆ ಕೂತರೂ ಬೆಳಕು ಅಲ್ಲೇ ಚೆದುರಿಹೋಗುತ್ತದೆ. ಸೋಮವಾರ ಗೈಡಿಗೆ ತೋರಿಸಬೇಕು. ಮಾಡಿದ ಮೂರು ಪಟ್ಟಿಯೂ ಕೆಟ್ಟಿದ್ದವು.

"ಅತ್ತೆ, ಒಳಗೆ ಬರ್ಬೇಡಿ. ನಿಮ್ಮ ಸೀರೆಯಿಂದ್ಲೇ ಎಳೆ ಬೀಳ್ತಿರೋದು."

"ಏನೇ, ನನಗೇ ಮಡಿ ಹೇಳ್ಕೊಡ್ತೀಯಾ? ತೋರ್ಸು ಅದನ್ನ."

ಭೂತಗನ್ನಡಿಯಲ್ಲಿ ನೋಡಿದೆ. ಗುಲಾಬಿ ಪದರದಲ್ಲಿ ಬಿಳಿ ಎಳೆ.

"ಇದು ಹತ್ತಿ ಕಣೇ. ನಾನುಟ್ಟಿರೋದು ಕೆಂಪು ರೇಷ್ಮೆ. ಕೂದಲು ಬೀಳಬಾರ್ದು ಅಂತ ತಲೆಗೆ ಸುತ್ಕೊಂಡಿದೀಯಲ್ಲ, ಆ ಬಿಳಿ ಟವೆಲ್ಲು ಯಾತರದ್ದು?"

ಅವಳು ತಲೆ ಮುಟ್ಟಿ ನೋಡಿಕೊಂಡು, "ಅಯ್ಯೋ ಅತ್ತೆ" ಎಂದಳು.

ಟವೆಲ್ಲು ತೆಗೆಸಿ, ನನ್ನ ಇನ್ನೊಂದು ಮಡಿ ರೇಷ್ಮೆ ಉಡಿಸಿ, ತಲೆಗೂ ಅದರ ಸೆರಗು ಹೊದಿಸಿ ಒಳಗೆ ಕಳಿಸಿದೆ. ಸಂಜೆ ಹೊಸ ಪಟ್ಟಿಯ ಅಂಚಿಗೆ ಲೇಸರ್ ಹಿಡಿದಳು. ಬೆಳಕು ಈ ತುದಿಯಿಂದ ಆ ತುದಿಗೆ ಗೆರೆ ಎಳೆದಂತೆ ಹೋಯಿತು.

ಮದುವೆಯಾದಾಗಿನಿಂದ ಮಡಿ ಉಡಲೊಲ್ಲೆ ಎಂದವಳು ಈಗ ಮಡಿಯಲ್ಲಿ ನಿಂತು, "ಯಾರೂ ಮುಟ್ಬೇಡಿ" ಎಂದು ಕೂಗುತ್ತಿದ್ದಾಳೆ. ಉಗ್ರಾಣದ ಬೀಗದ ಕೈಯನ್ನೂ ಅವಳಿಗೇ ಕೊಟ್ಟಿದ್ದೇನೆ. ಸೋಮವಾರದವರೆಗೆ ಮಾತ್ರ.