ಕಾಶಿಯಿಂದ ಬಂದ ವಿಮಾನ

ನನ್ನ ಹೆಂಡತಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ವಿಮಾನಗಳಿಗೆ ದಾರಿ ಹೇಳುವ ಕೆಲಸ ಮಾಡಿದಳು. ಜಯನಗರದ ನಮ್ಮ ಮನೆಯಿಂದ ದೇವನಹಳ್ಳಿಯವರೆಗೆ ಆಫೀಸಿನ ಕ್ಯಾಬ್‌ನಲ್ಲಿ ಹೋಗಿ, ಕಿಟಕಿಯೇ ಇಲ್ಲದ ಕೋಣೆಯಲ್ಲಿ ರಾಡಾರ್ ಪರದೆಯ ಮುಂದೆ ಕೂರುವುದು. ಇಳಿಯುವವು, ಏರುವವು, ಮಳೆಮೋಡ ತಪ್ಪಿಸಿಕೊಂಡು ಸುತ್ತು ಹಾಕುವವು, ಎಲ್ಲವೂ ಅಲ್ಲಿ ಸಣ್ಣ ಗುರುತುಗಳು. ಎರಡು ಗುರುತುಗಳು ಹತ್ತಿರ ಬಂದರೆ ಒಂದಕ್ಕೂ ಇನ್ನೊಂದಕ್ಕೂ ಎತ್ತರದಲ್ಲಿ ಸಾವಿರ ಅಡಿಯಾದರೂ ಅಂತರ ಇರುವಂತೆ ನೋಡಿಕೊಳ್ಳಬೇಕು. ಮದುವೆಯಾದ ಹೊಸದರಲ್ಲಿ ನಮ್ಮಮ್ಮ ಇದನ್ನೆಲ್ಲ ಕೇಳಿ, ಟ್ರಾಫಿಕ್ ಪೊಲೀಸರ ಕೆಲಸವೇನಮ್ಮ ಎಂದಿದ್ದರು. ಅವಳು ನಕ್ಕು ಹೌದು ಎಂದಿದ್ದಳು. ರಜೆಯ ದಿನ ಯಡಿಯೂರು ಕೆರೆಯ ಸುತ್ತ ನಡೆಯುವಾಗಲೂ ತಲೆಯ ಮೇಲೆ ಸದ್ದಾದರೆ ನಿಂತು, ಅದು ಯಾವ ಕಡೆ ಹೊರಟಿದೆ ಎಂದು ನನಗೆ ಹೇಳಿಯೇ ಮುಂದೆ ಹೆಜ್ಜೆ ಇಡುತ್ತಿದ್ದಳು.

ಮುಂಗಾರಿಗೆ ಸ್ವಲ್ಪ ಮುಂಚೆ, ಒಂದು ಮಧ್ಯಾಹ್ನ, ಅವಳು ಹೊತ್ತಿಗೆ ಮೊದಲೇ ಮನೆಗೆ ಬಂದಳು. ನಾನು ಪಾಠ ಮಾಡುವ ಕಾಲೇಜಿಗೆ ರಜೆ ಇತ್ತು, ಮನೆಯಲ್ಲೇ ಇದ್ದೆ. ಚಪ್ಪಲಿ ಕೂಡ ಬಿಡದೆ ಹಾಲ್‌ಗೆ ಬಂದು ಕೂತಳು. ನೀರು ಕೊಟ್ಟೆ, ಕುಡಿಯಲಿಲ್ಲ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳಿದಳು.

ಕಾಶಿಯಿಂದ ಬರುತ್ತಿದ್ದ ವಿಮಾನ ಇಳಿಯುತ್ತಿತ್ತು. ಇಲ್ಲಿಂದ ಹೊರಟ ಇನ್ನೊಂದು ಏರುತ್ತಿತ್ತು. ಏರುವ ವಿಮಾನಕ್ಕೆ ಇಂಥ ಎತ್ತರದಲ್ಲಿ ನಿಲ್ಲು ಎಂದಿದ್ದಳು. ಅದರ ಪೈಲಟ್ ಅದನ್ನೇ ಸರಿಯಾಗಿ ತಿರುಗಿ ಒಪ್ಪಿಸಿದ್ದ. ಇವಳು ಮೋಡದ ಕಾರಣಕ್ಕೆ ದಾರಿ ಬದಲಿಸಲು ಕೇಳುತ್ತಿದ್ದ ಬೇರೆಯವರಿಗೆ ಉತ್ತರ ಕೊಟ್ಟು ಮತ್ತೆ ಇತ್ತ ನೋಡುವಷ್ಟರಲ್ಲಿ, ಅದು ನಿಲ್ಲಬೇಕಾದಲ್ಲಿ ನಿಲ್ಲದೆ ಏರುತ್ತಲೇ ಇತ್ತು. ಬಾಯಿ ತೆರೆಯುವ ಹೊತ್ತಿಗೆ ಎರಡೂ ವಿಮಾನಗಳ ಒಳಗಿರುವ ಎಚ್ಚರಿಕೆಯ ಯಂತ್ರಗಳು ಕೂಗಿಕೊಂಡು, ಕಾಶಿಯ ವಿಮಾನಕ್ಕೆ ಮೇಲೆ ಹೋಗು, ಇನ್ನೊಂದಕ್ಕೆ ಕೆಳಗೆ ಹೋಗು ಎಂದು ಹೇಳಿಯಾಗಿತ್ತು. ಇಬ್ಬರೂ ಪೈಲಟ್‌ಗಳು ಅದನ್ನು ರೇಡಿಯೋದಲ್ಲಿ ತಿಳಿಸಿದರು. ಒಮ್ಮೆ ಹಾಗೆ ತಿಳಿಸಿದ ಮೇಲೆ ಕೆಳಗೆ ಕೂತವರು ಯಾವ ಸೂಚನೆಯನ್ನೂ ಕೊಡುವಂತಿಲ್ಲ. ಯಂತ್ರ ಒಂದು ಹೇಳಿ ಮನುಷ್ಯರು ಇನ್ನೊಂದು ಹೇಳಿದರೆ ಯಾರೂ ಉಳಿಯುವುದಿಲ್ಲ, ಅದಕ್ಕೆ ಆ ನಿಯಮ.

"ಆಮೇಲೆ ನಾನು ಸುಮ್ನೆ ನೋಡ್ತಾ ಕೂತಿದ್ದೆ ರೀ. ಮಾಡಕ್ಕೆ ಇನ್ನೇನೂ ಇರ್ಲಿಲ್ಲ" ಅಂದಳು.

ಡಿಕ್ಕಿಯಾಗಲಿಲ್ಲ. ಒಂದು ಕ್ಷೇಮವಾಗಿ ಇಳಿಯಿತು, ಇನ್ನೊಂದು ಹೋಗಬೇಕಾದ ಊರಿಗೆ ಹೋಯಿತು. ವಿಚಾರಣೆ ಮುಗಿಯುವ ತನಕ ಅವಳನ್ನು ಪರದೆಯ ಮುಂದಿನಿಂದ ಎಬ್ಬಿಸಿ ಬೇರೆ ಕೆಲಸಕ್ಕೆ ಹಾಕಿದರು. ಯಾರಾದರೂ ಅಷ್ಟೇ, ಅಲ್ಲಿನ ಕ್ರಮ ಅದು. ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು ನಾನು ಸಮಾಧಾನ ಹೇಳಿದೆ. ಅದು ಸುಳ್ಳೆಂದು ನನಗೆ ಆಗ ಗೊತ್ತಿರಲಿಲ್ಲ.

ನಮ್ಮ ಎದುರುಮನೆಯ ಹಿರಿಯ ದಂಪತಿ ಕಾಶಿಯಾತ್ರೆಗೆ ಹೋಗಿದ್ದರು. ವಾಪಸು ಬಂದವರು ಸಮಾರಾಧನೆ ಇಟ್ಟುಕೊಂಡು ನಮ್ಮನ್ನೂ ಊಟಕ್ಕೆ ಕರೆದರು. ಹೋಗಿ ನೋಡಿದರೆ ಆಂಟಿಯ ಬಲಗೈಗೆ ಪ್ಲಾಸ್ಟರ್. ಅವರ ಕೈಲಿ ಏನೂ ಆಗುವುದಿಲ್ಲವೆಂದು ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಡಿಸಲು ನಿಂತಳು. ನನ್ನ ಪಕ್ಕದ ಎಲೆಗೆ ಕೂತಿದ್ದ ಅಂಕಲ್ ಕೈ ಹೇಗೆ ಮುರಿಯಿತೆಂದು ಎಲ್ಲರಿಗೂ ಕೇಳುವಂತೆ ಹೇಳತೊಡಗಿದರು.

"ಇಳೀತಾ ಇದ್ದ ವಿಮಾನ ಇದ್ದಕ್ಕಿದ್ದಂಗೆ ಮೇಲಕ್ಕೆ ಎಗರಿಬಿಡ್ತು. ಇವಳು ಟಾಯ್ಲೆಟ್‌ನಿಂದ ಸೀಟಿಗೆ ಬರ್ತಾ ಇದ್ಲು, ಬಿದ್ದೇಬಿಟ್ಲು. ಆ ಪೈಲಟ್ ಹೊಸಬ ಇರ್ಬೇಕು."

ಸಾಲಿನಲ್ಲಿ ಕೂತವರು ನಕ್ಕರು. ಹೆಂಡತಿ ಪಾಯಸದ ಸೌಟು ಹಿಡಿದು ನಿಂತಲ್ಲೇ, ಅದು ಯಾವ ದಿನ ಎಂದು ಕೇಳಿದಳು. ಅವರು ಹೇಳಿದರು. ಉಳಿದ ಎಲೆಗಳಿಗೆಲ್ಲ ಪಾಯಸ ಬಡಿಸಿ, ತಾನು ಊಟ ಮಾಡದೆ ಮನೆಗೆ ಬಂದಳು.

ಮರುದಿನದಿಂದ ಅವಳು ಬೆಳಗಿನ ಕಾಫಿಯಾದ ಮೇಲೆ ಎದುರುಮನೆಗೆ ಹೋಗತೊಡಗಿದಳು. ಆಂಟಿಗೆ ಆ ವಯಸ್ಸಿನಲ್ಲೂ ಸೊಂಟ ಮುಟ್ಟುವ ಕೂದಲಿತ್ತು. ಒಂದು ಕೈಯಲ್ಲಿ ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಇವಳು ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ ಹೆಣೆಯುವಳು. ನಮ್ಮ ಬಾಲ್ಕನಿಯಿಂದ ಅವರ ವರಾಂಡ ಕಾಣುತ್ತಿತ್ತು. ಆಂಟಿ ಗಂಗೆಯ ಘಾಟುಗಳ ಕತೆ ಹೇಳುತ್ತಿದ್ದರು, ಇವಳು ಹೂಂಗುಡುತ್ತಿದ್ದಳು. ಮಗಳಿದ್ದರೂ ಇಷ್ಟು ಮಾಡುತ್ತಿರಲಿಲ್ಲ ಎಂದು ಅವರು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದರು. ಅವರಿಗೆ ಗಿರಿನಗರದಲ್ಲಿ ಒಬ್ಬ ಮಗಳು ಇದ್ದಳು ಕೂಡ. ಆ ಮಾತು ಕಿವಿಗೆ ಬಿದ್ದ ಮರುದಿನ ನನ್ನ ಹೆಂಡತಿ ಇನ್ನಷ್ಟು ಬೇಗ ಹೋಗುತ್ತಿದ್ದಳು.

ವಿಚಾರಣೆಯಲ್ಲಿ ಅವಳದೇನೂ ತಪ್ಪಿಲ್ಲವೆಂದು ಬಂತು. ನಾನು ಸಿಹಿ ತಂದೆ. ಅವಳು ಡಬ್ಬಿ ತೆರೆಯದೆ ಎದುರುಮನೆಗೆ ಹೋಗಿ ಆಂಟಿಗೆ ಎಲ್ಲವನ್ನೂ ಹೇಳಿಬಿಟ್ಟಳು. ವಿಮಾನ ಯಾಕೆ ಎಗರಿತು, ಆ ಹೊತ್ತಿನಲ್ಲಿ ಪರದೆಯ ಮುಂದೆ ಯಾರಿದ್ದರು, ಎಲ್ಲ. ಆಂಟಿ ಬಯ್ಯಲಿಲ್ಲವಂತೆ. ಅಷ್ಟು ಹತ್ತಿರ ಬಂದಿತ್ತೇ ಎಂದಷ್ಟೇ ಕೇಳಿದರಂತೆ. ಇವಳು ಏಳುವಾಗ ಮಾತ್ರ ಅಂದರಂತೆ:

"ಹಾಗಾದ್ರೆ ಇಷ್ಟು ದಿನ ನೀನು ಬಂದಿದ್ದು ಇದಕ್ಕಾ? ನಾನು ನನ್ನ ಮೇಲಿನ ಅಕ್ಕರೆಗೆ ಅಂದ್ಕೊಂಡಿದ್ದೆ ಕಣಮ್ಮ."

ಇದಕ್ಕೆ ಏನು ಉತ್ತರ ಕೊಡಬೇಕಿತ್ತು ಎಂದು ಅವಳು ನನ್ನನ್ನು ಕೇಳಿದಳು. ಅಕ್ಕರೆ ಇರಲಿಲ್ಲವೇ ಎಂದೆ. ಮೊದಲು ಇರಲಿಲ್ಲ, ಆಮೇಲೆ ಬಂತು, ಈಗ ಹೇಳಿದರೆ ಯಾರು ನಂಬುತ್ತಾರೆ ಎಂದಳು.

ಮರುದಿನ ಬೆಳಿಗ್ಗೆ ಹೋದಾಗ, ಕೆಲಸದವಳೇ ಜಡೆ ಹಾಕುತ್ತಾಳೆ, ಇನ್ನು ನಿನಗೆ ತೊಂದರೆ ಬೇಡ ಎಂದು ಆಂಟಿ ಬಾಗಿಲಲ್ಲೇ ಹೇಳಿ ಕಳಿಸಿದರು. ಪ್ಲಾಸ್ಟರ್ ಬಿಚ್ಚಿದ ಮೇಲೆ ಮಣಿಕಟ್ಟು ಮೊದಲಿನಂತೆ ತಿರುಗಲಿಲ್ಲ. ಕೆಲವು ವಾರಗಳ ನಂತರ ನೋಡಿದರೆ ಅವರು ಕೂದಲನ್ನು ಭುಜದವರೆಗೆ ಕತ್ತರಿಸಿಕೊಂಡಿದ್ದರು. ನನ್ನ ಹೆಂಡತಿ ಗೇಟಿನ ಬಳಿ ತರಕಾರಿ ಆರಿಸುತ್ತಿದ್ದವಳು ಅದನ್ನು ಕಂಡು, ತೆಗೆದುಕೊಂಡದ್ದನ್ನು ಗಾಡಿಯಲ್ಲೇ ಬಿಟ್ಟು ಒಳಗೆ ಬಂದಳು.

ಅವಳನ್ನು ಮತ್ತೆ ಪರದೆಯ ಮುಂದೆ ಕೂರಿಸಿದರು. ಪಕ್ಕದಲ್ಲಿ ಒಬ್ಬ ಸಹೋದ್ಯೋಗಿ ಇರುತ್ತಿದ್ದ, ಮೊದಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಎರಡು ಗುರುತುಗಳು ಅಕ್ಕಪಕ್ಕ ಬಂದವು. ಅಂತರ ಬೇಕಾದಷ್ಟಿತ್ತು. ಹೇಳಬೇಕಾದ ಮಾತು ಗೊತ್ತಿತ್ತು, ಗಂಟಲಿನಿಂದ ಹೊರಡಲಿಲ್ಲ. ಪಕ್ಕದವನೇ ಪೈಲಟ್‌ಗಳಿಗೆ ಆ ಮಾತು ಹೇಳಿದ. ಅವಳು ಹೆಡ್‌ಸೆಟ್ ತೆಗೆದಿಟ್ಟು, ಮೇಲಧಿಕಾರಿಯ ಹತ್ತಿರ ತಾನೇ ಹೋಗಿ, ಇನ್ನು ನನ್ನ ಕೈಲಾಗುವುದಿಲ್ಲ ಎಂದಳು. ಯಾರೂ ಅವಳನ್ನು ಹಗುರವಾಗಿ ಕಾಣಲಿಲ್ಲ. ಹೊಸಬರಿಗೆ ಪಾಠ ಹೇಳುವ ಕೆಲಸ ಕೊಟ್ಟರು. ಚೆನ್ನಾಗಿ ಹೇಳುತ್ತಾಳಂತೆ. ಯಂತ್ರ ಕೂಗಿದ ಮೇಲೆ ಸುಮ್ಮನಿರಬೇಕೆಂಬ ಪಾಠವನ್ನು ಮಾತ್ರ ಬೇರೆಯವರಿಗೆ ಬಿಟ್ಟುಕೊಟ್ಟಿದ್ದಾಳೆ.

ಕಳೆದ ವರ್ಷ ಎದುರುಮನೆಯನ್ನು ಬಿಲ್ಡರಿಗೆ ಕೊಟ್ಟು ಅವರಿಬ್ಬರೂ ಗಿರಿನಗರಕ್ಕೆ, ಮಗಳ ಮನೆಯ ಹತ್ತಿರಕ್ಕೆ ಹೋದರು. ಹೊರಡುವ ದಿನ ಆಂಟಿ ಬಂದು ಅರಿಶಿನ ಕುಂಕುಮ ತೆಗೆದುಕೊಂಡರು, ಮಳೆಯ ಬಗ್ಗೆ, ಬಿಸಿಲಿನ ಬಗ್ಗೆ ಮಾತಾಡಿದರು, ಹೊರಟರು. ಇಷ್ಟು ಹತ್ತಿರವಿದೆ, ಒಂದು ಭಾನುವಾರ ಹೋಗಿ ನೋಡಿಕೊಂಡು ಬರೋಣವೇ ಎಂದು ಮೊನ್ನೆ ಕೇಳಿದೆ.

"ಕರೀಲಿ ರೀ. ಕರೆದ್ರೆ ಹೋಗೋಣ" ಅಂದಳು.

ಇನ್ನೂ ಕರೆದಿಲ್ಲ.