ವೈನಿಯ ಎಡಗಾಲು

ಧನಕವಡಿಯಲ್ಲಿ ನಮ್ಮ ಎದುರುಮನೆಯವರನ್ನು ಎಲ್ಲರೂ ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದೆವು. ಅವರು ಹುಟ್ಟುವಾಗ ಕಾಲು ಮುಂದಾಗಿ ಬಂದವರು. ಅಂಥವರು ಎಡಗಾಲಿನಿಂದ ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂಬ ನಂಬಿಕೆ. ಹಿಂಜವಾಡಿಯ ಐಟಿ ಕಂಪನಿಗಳ ಮ್ಯಾನೇಜರುಗಳೂ ಬಂದು ಅವರ ಚಾಪೆಯ ಮೇಲೆ ಬೋರಲು ಮಲಗುತ್ತಿದ್ದರು. ವೈನಿಗೋ ವಿಪರೀತ ಸಂಕೋಚ. "ತಪ್ಪು ತಿಳೀಬ್ಯಾಡ್ರಿ" ಎಂದು ಹೆಬ್ಬೆರಳು ತಾಗಿಸಿದ ಹಾಗೆ ಮಾಡಿ, ಕೂಡಲೇ ಬಗ್ಗಿ ಅವರ ಕಾಲಿಗೆ ನಮಸ್ಕರಿಸುತ್ತಿದ್ದರು.

ಒಂದು ದಿನ ಅವರ ಅತ್ತೆಯ ಸೊಂಟವೇ ಹಿಡಿಯಿತು. ಸೊಸೆ ಬಡಿದ ರೊಟ್ಟಿ ಚಪ್ಪಲಿಯ ಹಾಗಿದೆ ಎಂದು ಗಲ್ಲಿಗೆಲ್ಲ ಸಾರುತ್ತಿದ್ದ ಅತ್ತೆ, ನರಳುತ್ತ ಅದೇ ಚಾಪೆಯ ಮೇಲೆ ಮಲಗಿದರು. ವೈನಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡರು. ಧಡ್ ಎಂದು ಬಿತ್ತು ಒದೆ.

"ಆತವ್ವಾ, ಬಿಟ್ತು, ಬಿಟ್ತು!" ಎಂದು ಅತ್ತೆ ಕೂಗಿದರು.

ವೈನಿ ಮತ್ತೆ ಕಾಲೆತ್ತಿದರು. "ಇನ್ನೂ ಸ್ವಲ್ಪ ಅದ ರೀ ಅತ್ತಿ. ತಪ್ಪು ತಿಳೀಬ್ಯಾಡ್ರಿ."