ಬಿಚ್ಚಿ ಕಲಿತ ಹೆಣಿಗೆ

ಯೌಂಗೆಯನ್ನು ಕಾಫಿ ಹೇರುವ ಲಾರಿಯಲ್ಲಿ ಮಲಗಿಸಿ ಪೇಟೆಯ ಆಸ್ಪತ್ರೆಗೆ ಒಯ್ದರು. ಗಂಡ ಸಿಯುನೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಲಾರಿ ಸಿಂಬು ಹೊಳೆಯ ಕಡೆ ಇಳಿದು ಮರೆಯಾದ ಮೇಲೂ ಅವ್ವನ ಕೆಮ್ಮು ಕೇಳಿಸುತ್ತಲೇ ಇದೆ ಅನ್ನಿಸಿತು ಮಗಳು ಡಿಲುಗೆ. ಹುಡುಗಿಯನ್ನು ನೋಡಿಕೊಳ್ಳಲು ಸೋದರತ್ತೆ ಮೊಂಡಿಯಾ ಬಂದು ನಿಂತಳು.

ಗೋಡೆಯ ಮೇಲೆ ಅವ್ವ ಹೆಣೆಯುತ್ತಿದ್ದ ಬಿಲುಮ್ ಅರ್ಧಕ್ಕೇ ನಿಂತು ನೇತಾಡುತ್ತಿತ್ತು. ಆ ಬೆಟ್ಟಸೀಮೆಯ ಹೆಂಗಸರು ಗೆಣಸು, ಸೌದೆ, ಕೂಸು ಎಲ್ಲವನ್ನೂ ಹಣೆಯಿಂದ ಬೆನ್ನಿಗೆ ಇಳಿಬಿಟ್ಟು ಹೊರುವುದು ಇಂಥ ಚೀಲದಲ್ಲೇ. ಕೆಂಪು, ಹಳದಿ ಎಳೆಗಳನ್ನು ಯೌಂಗೆ ತೊಡೆಯ ಮೇಲೆ ಹೊಸೆದು ಹುರಿ ಮಾಡುತ್ತಿದ್ದಳು.

"ನಂಗೂ ಕಲ್ಸವ್ವ" ಎಂದು ಡಿಲು ಅಂದರೆ, "ನಿನ್ ಬೆರಳು ಇನ್ನೂ ಇಲಿಮರಿ ಇದ್ದಂಗವೆ, ಬೆಳೀಲಿ ತಡಿ" ಎಂದು ನಗುತ್ತಿದ್ದಳು.

ಅತ್ತೆ ಗೆಣಸಿನ ತೋಟಕ್ಕೆ ಹೋದ ಹೊತ್ತಿನಲ್ಲಿ ಡಿಲು ಆ ಬಿಲುಮನ್ನು ಕೆಳಗಿಳಿಸಿದಳು. ಮೊದಲು ಬರೀ ಮೂಸಿ ನೋಡಿದಳು. ಹೊಗೆ ಮತ್ತು ಅವ್ವನ ವಾಸನೆ. ಆಮೇಲೆ ತುದಿಯ ನೂಲನ್ನು ಹಿಡಿದು ಎಳೆದಳು. ಅದು ಸರ್ರನೆ ಬಿಚ್ಚಿಕೊಳ್ಳಲಿಲ್ಲ. ಹೆಣಿಗೆಯ ಒಂದೊಂದು ಕಣ್ಣಿನಿಂದಲೂ ನೂಲನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತೂರಿಸಬೇಕಿತ್ತು. ಹಾಗೆ ತೂರಿಸುತ್ತಿದ್ದಾಗಲೇ ಅವಳಿಗೆ ಹೊಳೆಯಿತು: ನೂಲು ಹಿಂದಿನಿಂದ ಬಂದು, ಪಕ್ಕದ ಕಣ್ಣಿನ ಕೊರಳಿಗೆ ತೋಳು ಹಾಕಿ, ಮುಂದೆ ಹೋಗುತ್ತದೆ!

ಕೊಡೆಯ ಕಡ್ಡಿಯನ್ನು ಮಸೆದು ಮಾಡಿದ ಅವ್ವನ ಸೂಜಿ ಹಿಡಿದು, ಬಿಚ್ಚಿದ್ದನ್ನು ಮತ್ತೆ ಹೆಣೆದಳು. ಬಂತು! ಒಬ್ಬಳೇ ಕುಣಿದಾಡಿದಳು. ಆದರೆ ತಾನು ಹೆಣೆದ ಕಣ್ಣುಗಳು ಜೋಲುಜೋಲಾಗಿ ಕಂಡವು. ಅವ್ವ ಬಂದಾಗ ಚೆನ್ನಾಗಿರಬೇಕಲ್ಲ ಎಂದು ಮತ್ತೆ ಬಿಚ್ಚಿದಳು. ಬೆಟ್ಟದ ಸಾಲಿನಂತಿದ್ದ ಚಿತ್ತಾರ ಎಲ್ಲಿ ತಿರುಗುತ್ತದೆಂದು ತಿಳಿಯಲು ಇನ್ನಷ್ಟು ಬಿಚ್ಚಿದಳು. ಅತ್ತೆಯಿಲ್ಲದ ಹೊತ್ತಲ್ಲಿ ದಿನವೂ ಹೀಗೆ ನಡೆದು, ಚೀಲದ ತಳದವರೆಗೂ ಬಿಚ್ಚಿ, ತಳದಿಂದಲೇ ಹೊಸದಾಗಿ ಹೆಣೆದಳು. ಚಿತ್ತಾರ ಕೊಂಚ ಸೊಟ್ಟಗಿತ್ತು, ಆದರೆ ಬೆಟ್ಟವೇ.

ಹೊದಿಕೆಯಲ್ಲಿ ಸುತ್ತಿದ ಯೌಂಗೆಯನ್ನು ಲಾರಿ ವಾಪಸು ತಂದಿತು.

ಹೆಂಗಸರು ಮೈಗೆ ಕೆಸರು ಬಳಿದುಕೊಂಡು ಅತ್ತರು. ವಾಡಿಕೆಯಂತೆ ಸತ್ತವಳ ಬಿಲುಮ್‌ಗಳನ್ನೆಲ್ಲ ಹೊರಗೆ ತಂದು ನೇತುಹಾಕಿದರು. ಹಳೆಯವು ದುಡಿದು ಸವೆದಿದ್ದವು, ಹರಿದಿದ್ದವು. ಸಿಯುನೆ, "ಕಡೇದಾಗಿ ಹೆಣೀತಿದ್ಲಲ್ಲ, ಅದು ಕೊಡಿ" ಎಂದ. ಮೊಂಡಿಯಾ ತಂದವಳು, ಅದರ ಮೇಲೆ ಬೆರಳಾಡಿಸಿ ಅಲ್ಲೇ ನಿಂತಳು.

"ಇದು ಅವಳ ಕೈ ಅಲ್ಲ ಕಣಣ್ಣ. ಅವಳ ಹೆಣಿಗೇಲಿ ಕಿರುಬೆರಳೂ ತೂರ್ತಿರ್ಲಿಲ್ಲ."

ಎಲ್ಲರೂ ಡಿಲುವನ್ನು ನೋಡಿದರು.

"ಅವ್ವಂಗೆ ತೋರ್ಸಣ ಅಂತ... ಬಿಚ್ಚಿದ್ರೇನೇ ಗೊತ್ತಾಗ್ತಿತ್ತು..." ಎಂದು ಬಿಕ್ಕಿದಳು.

"ಅಯ್ಯೋ ಹಾಳಾದವಳೇ! ಅವಳದು ಒಂದು ಕಣ್ಣಾದ್ರೂ ಉಳಿಸ್ಬಾರ್ದಿತ್ತೇನೇ?" ಎಂದು ಅತ್ತೆ ಎದೆ ಬಡಿದುಕೊಂಡಳು.

"ನೂಲು ಅವ್ವಂದೇ ಅಪ್ಪ. ಅವಳೇ ಹೊಸೆದಿದ್ದು" ಎಂದಳು ಡಿಲು.

ಸಿಯುನೆ ಬೈಯಲಿಲ್ಲ. ಚೀಲದಲ್ಲಿ ಮುಖವಿಟ್ಟುಕೊಂಡು ಕೂತ. ಎದ್ದಾಗ ಮಗಳ ತಲೆ ಸವರಿದ, ಆದರೆ ಮುಖ ನೋಡಲಿಲ್ಲ. ಒಂದೇಟು ಹೊಡೆದಿದ್ದರೂ ಅವಳಿಗೆ ಹಗುರಾಗುತ್ತಿತ್ತು.

ಡಿಲು ದೊಡ್ಡವಳಾಗಿ ಸಂತೆಯಲ್ಲೆಲ್ಲ ಹೆಸರಾದ ಬಿಲುಮ್‌ಗಳನ್ನು ಹೆಣೆದಳು. ಅವ್ವನ ಓರಗೆಯ ಮುದುಕಿಯರು ಸಿಕ್ಕಿದಾಗೆಲ್ಲ, "ಅಷ್ಟು ಬಿಗಿ ಹೆಂಗ್ ಬರ್ತಿತ್ತು ಅವಳಿಗೆ? ತೋರ್ಸಿ" ಎಂದು ಸೂಜಿ ಕೊಡುತ್ತಿದ್ದಳು. ಅವರು ಹೆಣೆದು ತೋರಿಸುತ್ತಿದ್ದರು, ಆದರೆ ತಮ್ಮ ತಮ್ಮ ಕೈಯಂತೆ.